ಮಾತಿಗೂ ಕಲ್ಲಿಗೂ ನೇರ ಸಂಬಂಧ ಕಂಡುಬಂದಿಲ್ಲ

ಪ್ರಸಾರ ನಿಯಂತ್ರಣ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ದೂರಿಗೆ ತಾವು ದಯಪಾಲಿಸಿದ ಉತ್ತರ ತಲುಪಿತು. ಎರಡೇ ಸಾಲು, ಅದರ ಕೆಳಗೆ ಆ ಎರಡೂ ಸಾಲಿಗಿಂತ ದೊಡ್ಡ ಸಹಿ. 'ಸದರಿ ವಾಹಿನಿಯಲ್ಲಿ ಆಡಲಾದ ಮಾತುಗಳಿಗೂ ವಾರ್ಡ್ ಕಚೇರಿಯ ಮೇಲೆ ಬಿದ್ದ ಕಲ್ಲುಗಳಿಗೂ ನೇರ ಸಂಬಂಧ ಕಂಡುಬಂದಿಲ್ಲ. ಆದ್ದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ.' ಓದಿ ನನ್ನ ತಂಗಿ ಬಿದ್ದು ಬಿದ್ದು ನಕ್ಕಳು. ನಕ್ಕರೆ ಹಣೆಯ ಹೊಲಿಗೆ ಎಳೆಯುತ್ತದೆಂದು ಒಂದು ಕೈಯಲ್ಲಿ ಹಣೆ ಹಿಡಿದುಕೊಂಡೇ ನಕ್ಕಳು. ಏಳು ಹೊಲಿಗೆ, ಸ್ವಾಮಿ. ಕಲ್ಲೇನೋ ನೇರವಾಗಿಯೇ ಬಂದಿತ್ತು. ಸಂಬಂಧ ಮಾತ್ರ ಸುತ್ತುಬಳಸಿ ಬಂದಿರಬೇಕು, ತಮ್ಮ ಕಣ್ಣಿಗೆ ಬಿದ್ದಿಲ್ಲ.

ನನ್ನ ತಂಗಿ ಆ ಕಚೇರಿಯಲ್ಲಿ ಮತದಾರರ ಪಟ್ಟಿ ನೋಡಿಕೊಳ್ಳುವ ಗುಮಾಸ್ತೆ. ಸತ್ತವರ ಹೆಸರು ತೆಗೆಯುವುದು, ಮನೆ ಬದಲಿಸಿದವರನ್ನು ಪಕ್ಕದ ವಾರ್ಡಿಗೆ ದಾಟಿಸುವುದು, ಹದಿನೆಂಟು ತುಂಬಿದವರನ್ನು ಸೇರಿಸಿಕೊಳ್ಳುವುದು, ಇಷ್ಟೇ ಅವಳ ಕೆಲಸ. ಗಂಡ ತೀರಿಕೊಂಡ ಅಜ್ಜಿಯೊಬ್ಬರು 'ಇನ್ನೊಂದು ವರ್ಷ ಇರಲಿ ಬಿಡಮ್ಮ, ಅವರ ಹೆಸರು ನೋಡೋಕಾದ್ರೂ ಸಿಗುತ್ತೆ' ಎಂದು ಕೌಂಟರಿನ ಮುಂದೆ ಅತ್ತಾಗ, ನೀರು ಕೊಟ್ಟು, ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು, ಆಮೇಲೆ ಹೆಸರು ತೆಗೆದವಳು ಅವಳು. ಇಂಥವಳಿಗೂ ಶತ್ರುಗಳು ಹುಟ್ಟಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇನ್ನು ನಾನು. ತಾವು 'ಸದರಿ ವಾಹಿನಿ' ಎಂದು ಕರೆದಿರುವಲ್ಲೇ ಹದಿನೆಂಟು ವರ್ಷದಿಂದ ಮೇಕಪ್ ಮಾಡುತ್ತಿದ್ದೇನೆ. ಸಂಜೆ ಏಳರ ಚರ್ಚೆಗೆ ಬರುವ ಎರಡು ಪಕ್ಷದ ವಕ್ತಾರರಿಗೂ ನಮ್ಮ ಕೋಣೆಯಲ್ಲಿ ಅಡ್ಡಹೆಸರುಗಳಿವೆ: ಒಬ್ಬರು ಗುಡುಗು, ಇನ್ನೊಬ್ಬರು ಸಿಡಿಲು. ಅಕ್ಕಪಕ್ಕದ ಕುರ್ಚಿಯಲ್ಲಿ ಕತ್ತಿಗೆ ಬಟ್ಟೆ ಕಟ್ಟಿಸಿಕೊಂಡು ಕೂತು ಅವರು ಮಾತಾಡುವುದನ್ನು ತಾವು ಕೇಳಬೇಕು. 'ಮಂಡಿ ನೋವು ಹೇಗಿದೆ?' 'ನೀವು ಹೇಳಿದ ಡಾಕ್ಟ್ರ ಹತ್ರಾನೇ ಹೋದೆ, ಪರವಾಗಿಲ್ಲ.' 'ಮಗಳಿಗೆ ಸೀಟು?' 'ನಿಮ್ಮ ಫೋನ್ ಹೋದ್ಮೇಲೆ ಸಿಕ್ತು ಮಾರಾಯ್ರೇ.' ಹತ್ತು ನಿಮಿಷ ಕಳೆದರೆ ಅದೇ ಇಬ್ಬರು ದೀಪದ ಕೆಳಗೆ ಒಬ್ಬರನ್ನೊಬ್ಬರು ದೇಶದ್ರೋಹಿ, ರಕ್ತಪಿಪಾಸು ಎಂದು ಹರಿದು ತಿನ್ನುತ್ತಿರುತ್ತಾರೆ. ಜಾಹೀರಾತು ಬಂದಾಗ ಬೆವರು ಒರೆಸಲು ನಾನು ಓಡಿಹೋಗುತ್ತೇನೆ. ಗುಡುಗು ಮೆಲ್ಲಗೆ ಕೇಳುತ್ತಾರೆ, 'ಸ್ವಲ್ಪ ಜಾಸ್ತಿ ಆಯ್ತೇನೋ, ಬೇಜಾರಿಲ್ಲ ತಾನೇ?' ಸಿಡಿಲು ನಗುತ್ತಾರೆ, 'ಏ ಚೆನ್ನಾಗಿತ್ತು, ಮುಂದುವರಿಸಿ.' ಇಷ್ಟು ಅನ್ಯೋನ್ಯವಾಗಿರುವ ಜೋಡಿಯನ್ನು ನಾನು ಮದುವೆಮನೆಗಳಲ್ಲೂ ನೋಡಿಲ್ಲ. ತೊಂದರೆ ಒಂದೇ. ಈ ಮೇಕಪ್ ಕೋಣೆಯ ಪ್ರಸಾರ ಮನೆಗಳಿಗೆ ಹೋಗುವುದಿಲ್ಲ, ಆ ದೀಪದ ಕೆಳಗಿನದ್ದಷ್ಟೇ ಹೋಗುತ್ತದೆ. ನೋಡುವವರು ಅದನ್ನೇ ನಿಜವೆಂದು ನಂಬಿ ಪಕ್ಕದ ಮನೆಯವರ ಜೊತೆ ಮಾತು ಬಿಡುತ್ತಾರೆ.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ; ತಮ್ಮ ಕಚೇರಿಯಲ್ಲಿ ಆ ಪದ್ಧತಿ ಇಲ್ಲದಿರಬಹುದು. ಚರ್ಚೆ ನಡೆಸುವ ನಿರೂಪಕರು ಒಂದು ಸಂಜೆ ನನ್ನ ಕುರ್ಚಿಯಲ್ಲಿ ಕೂತು, 'ಇವತ್ತಿಂದ ಹೊಸ ಸರಣಿ. ಜನರಿಗೋಸ್ಕರ ನಿದ್ದೆಗೆಟ್ಟವನ ಥರ ಕಾಣಬೇಕು ನೋಡಿ' ಎಂದರು. ಬೇರೆಯವರಾಗಿದ್ದರೆ ಕಣ್ಣ ಕೆಳಗೆ ಸ್ವಲ್ಪ ಕಪ್ಪು ಹಚ್ಚಿ ಬಿಡುತ್ತಿದ್ದರು. ನಾನು ಕೆಲಸಗಾರ. ರೆಪ್ಪೆಯಂಚಿಗೆ ತೆಳುವಾಗಿ ಕೆಂಪು ಎಳೆದೆ, ಕಣತಲೆಯ ಹತ್ತಿರ ಒಂದು ನರ ಬರೆದೆ. ನೀಲಿಗೆ ಒಂದು ಚೂರು ಕಂದು ಬೆರೆಸಿದರೆ ನರ ಎಷ್ಟು ಜೀವಂತವಾಗಿ ಉಬ್ಬುತ್ತದೆಂದರೆ, ಅಪ್ಪಟ ದೇಶಪ್ರೇಮ ಹರಿಯುತ್ತಿರುವುದು ಹೊರಗೇ ಕಾಣಿಸುತ್ತದೆ. ಹತ್ತು ದಿನ ಬರೆದೆ. ಹತ್ತೂ ದಿನ ಕೋಣೆಯ ಟೀವಿಯಲ್ಲಿ ನೋಡಿ ಬೀಗಿದೆ. ಆದರೆ ಆ ಟೀವಿಗೆ ದನಿ ಇಡುವುದಿಲ್ಲ ನಾವು. ಮೂಗಿನ ತುದಿ ಹೊಳೆಯುತ್ತಿದೆಯೇ, ಗದ್ದದ ಬಣ್ಣ ಕರಗಿದೆಯೇ, ಇಷ್ಟೇ ನಮಗೆ ಬೇಕಾದ್ದು. ಕೆಳಗೆ ಓಡುವ ಅಕ್ಷರ ಕೂಡ ಓದುವುದಿಲ್ಲ. ಹಾಗಾಗಿ ಆ ಸರಣಿಯ ಹೆಸರು 'ಹೆಸರು ನುಂಗುವ ಕಚೇರಿ' ಎಂದೂ, ಆ ಕಚೇರಿ ನನ್ನ ಒಡಹುಟ್ಟಿದವಳದ್ದೆಂದೂ ನನಗೆ ಗೊತ್ತಾಗಲಿಲ್ಲ. ಅವಳೂ ಹೇಳಲಿಲ್ಲ. ಆಮೇಲೆ ಕೇಳಿದರೆ, 'ನಿನ್ನ ಕೆಲಸ ಅಲ್ಲೇ ಅಲ್ವಾ ಅಣ್ಣ, ಸುಮ್ನೆ ಯಾಕೆ ನಿಂಗೆ ಮುಜುಗರ ಅಂತ ಸುಮ್ನಿದ್ದೆ' ಅಂದಳು. ಆ ಮಾತು ಕೇಳಿ ನಾನು ಮಗುವಿನ ಹಾಗೆ ಅತ್ತೆ. ಅವಳೇ ಸಮಾಧಾನ ಮಾಡಬೇಕಾಯಿತು.

ಹತ್ತನೆಯ ದಿನ ನಿರೂಪಕರು ತೆರೆಯ ಮೇಲೆ ಆ ಕಚೇರಿಯ ಫೋಟೋ, ಬೀದಿಯ ಹೆಸರು, ಕೆಲಸದ ವೇಳೆ ಎಲ್ಲ ಹಾಕಿಸಿ, ಬೆರಳು ಎತ್ತಿ, 'ನೀವೇ ಹೋಗಿ ಕೇಳಿ! ಕೇಳಬೇಕಾದ ಹಾಗೆ ಕೇಳಿ!' ಎಂದು ಅಬ್ಬರಿಸಿದರು. ಮರುದಿನ ಹತ್ತೂವರೆಗೆ ನಲವತ್ತು ಜನ ಕೇಳಲು ಬಂದರು. ಊಟದ ಬಿಡುವಿನಲ್ಲಿ ಬರಲಿಲ್ಲ, ರಜೆಯ ದಿನ ಬರಲಿಲ್ಲ. ಅಷ್ಟು ಖಚಿತ ಮಾಹಿತಿ ಅವರಿಗೆ ಎಲ್ಲಿಂದ ಸಿಕ್ಕಿತೆಂದು ತಾವು ವಿಚಾರಿಸಿದ್ದೀರಾ? ಆರು ಕುರ್ಚಿ, ಒಂದು ಕಪಾಟು, ಕಿಟಕಿಯ ಗಾಜು, ಕೊನೆಗೆ ನನ್ನ ತಂಗಿಯ ಹಣೆ. ಅವಳು ಕಡತದ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡಿದ್ದರಿಂದ ಈ ಪತ್ರದಲ್ಲಿ ನಗಲು ನನಗೆ ಅವಕಾಶ ಸಿಕ್ಕಿದೆ.

ಮೂರನೆಯ ದಿನ ಬ್ಯಾಂಡೇಜು ಕಟ್ಟಿಕೊಂಡು ಅವಳು ಕೌಂಟರಿಗೆ ಹೋದಳು. ಮೊದಲು ಬಂದವನು ಮೂವತ್ತರ ಆಸುಪಾಸಿನ ಒಬ್ಬ ಗಂಡಸು. ತಾಯಿಯ ಮನೆ ನಂಬರು ತಪ್ಪಾಗಿದೆ, ತಿದ್ದಬೇಕು ಎಂದ. ಕುರ್ಚಿ ಎತ್ತಿ ಒಗೆದವನು ಇವನೇ ಎಂದು ಅವಳಿಗೆ ತಕ್ಷಣ ಗುರುತು ಸಿಕ್ಕಿತು.

'ಕೂತ್ಕೊಳ್ಳಿ ಅಂತಿದ್ದೆ. ಆದ್ರೆ ಕುರ್ಚಿ ಮೊನ್ನೆ ನೀವೇ ಮುರಿದ್ರಿ' ಅಂದಳು.

ಅವನು ತಲೆ ಕೆರೆದುಕೊಂಡ. 'ನಿಂತ್ಕೋತೀನಿ ಬಿಡಿ ಮೇಡಂ.'

'ಯಾಕಪ್ಪಾ ಮುರಿದೆ?'

'ದಿನಾ ಟೀವೀಲಿ ಹೇಳ್ತಿದ್ರಲ್ಲ ಮೇಡಂ, ಇಲ್ಲಿ ನಮ್ಮೋರ ಹೆಸ್ರೆಲ್ಲ ತೆಗೆದು ಹಾಕ್ತಿದಾರೆ ಅಂತ. ತಲೆ ಕೆಟ್ಟುಹೋಯ್ತು.'

ಅವಳು ಅವನ ಬೀದಿಯ ಪಟ್ಟಿಯನ್ನು ಅವನತ್ತ ತಿರುಗಿಸಿ, ಯಾರ ಹೆಸರು ಹೋಗಿದೆ ಹುಡುಕು ಎಂದಳು. ನಿಂತುಕೊಂಡೇ ಬೆರಳಿಟ್ಟು ಒಂದೊಂದೇ ಓದಿದ. ತನ್ನದಿತ್ತು, ತಾಯಿಯದಿತ್ತು, ಎದುರು ಮನೆಯವರದಿತ್ತು. ಇಲ್ಲದ್ದು ಒಂದೇ, ಅವನ ತಾತನದು. 'ತಾತ ಹೋಗಿ ಎರಡು ವರ್ಷ ಆಯ್ತು' ಎಂದು ಗೊಣಗಿದ. 'ಅರ್ಜಿ ಕೊಟ್ಟೋನೂ ನಾನೇ.'

ಪೊಲೀಸರಿಗೆ ತಿಳಿಸಲಿಲ್ಲವೇ ಎಂದು ತಾವು ಕೇಳಬಹುದು. ತಿಳಿಸಿದಳು, ಅವನ ಅರ್ಜಿಗೆ ಸ್ವೀಕೃತಿ ಚೀಟಿ ಕೊಟ್ಟ ಮೇಲೆ. ಅವನೀಗ ಜಾಮೀನಿನ ಮೇಲಿದ್ದಾನೆ. ನಿರೂಪಕರು ಎರಡನೆಯ ಸರಣಿಯ ತಯಾರಿಯ ಮೇಲಿದ್ದಾರೆ.

ಸಂಬಂಧ ಬೇಕೆಂದಿರಲ್ಲ, ಅವನ ಬಾಯಿಂದಲೇ ಬಂದಿದೆ, ಬರೆದುಕೊಳ್ಳಿ. ಸಾಲದಿದ್ದರೆ ಇನ್ನೊಂದು ಪ್ರಶ್ನೆ. ನಮ್ಮ ವಾಹಿನಿಯ ಅನ್ನ ಹುಟ್ಟುವುದೇ ಹತ್ತು ಸೆಕೆಂಡಿನ ಸೋಪಿನ ಜಾಹೀರಾತಿನಿಂದ. ನೋಡಿದವರು ಅಂಗಡಿಗೆ ಹೋಗಿ ಅದೇ ಸೋಪು ಕೇಳುತ್ತಾರೆಂಬ ನಂಬಿಕೆಯ ಮೇಲೆ ನಮ್ಮ ಕಟ್ಟಡ ನಿಂತಿದೆ. ಹತ್ತು ಸೆಕೆಂಡಿನಲ್ಲಿ ಸೋಪು ಮಾರಬಲ್ಲ ಪೆಟ್ಟಿಗೆ, ಹತ್ತು ದಿನ ದಿನಕ್ಕೊಂದು ಗಂಟೆ ಕಿರುಚಿ ಒಂದು ಹಿಡಿ ದ್ವೇಷ ಮಾರಲಾರದೇ? ಮಾರಲಾರದೆಂದು ತಮಗೆ ಖಾತ್ರಿಯಿದ್ದರೆ ದಯವಿಟ್ಟು ಆ ಸೋಪಿನವರಿಗೂ ಎರಡು ಸಾಲು ಬರೆದು ತಿಳಿಸಿ. ಪಾಪ, ಮೋಸ ಹೋಗುತ್ತಿದ್ದಾರೆ.

ಪಟ್ಟಿ ತಿದ್ದುವ ಕೆಲಸ ಬರುವ ಸೋಮವಾರದಿಂದ ಹದಿನೈದು ದಿನ. 'ಹೆಸರು ನುಂಗುವ ಕಚೇರಿ: ಭಾಗ ಎರಡು' ಕೂಡ ಅದೇ ಸೋಮವಾರದಿಂದ. ತಂಗಿಯ ಜೊತೆಗಿದ್ದ ಆರು ಜನರಲ್ಲಿ ನಾಲ್ವರು ರಜೆ ಹಾಕಿದ್ದಾರೆ. ಅವರಿಗೂ ಮಕ್ಕಳಿದ್ದಾರೆ, ನಾನು ಬಯ್ಯಲಾರೆ. ಈ ಪತ್ರದ ಕೊನೆಯಲ್ಲಿ ನಾನು ನಿರೂಪಕರಿಗೆ ಜೈಲು, ವಾಹಿನಿಗೆ ಬೀಗ, ತಮಗೆ ವರ್ಗಾವಣೆ, ಹೀಗೆ ಏನೇನೋ ಬೇಡಿಕೆ ಬರೆದಿದ್ದೆ. ತಂಗಿ ಕನ್ನಡಕ ಹಾಕಿಕೊಂಡು ಓದಿ, ಕಚೇರಿಯ ಅಭ್ಯಾಸದಂತೆ ಎಲ್ಲದಕ್ಕೂ ಅಡ್ಡಗೆರೆ ಎಳೆದಳು. 'ಅದೆಲ್ಲ ಬೇಡ ಅಣ್ಣ. ಹದಿನೈದು ದಿನ ಸುಮ್ನಿರ್ಲಿ ಅಂತ ಬರಿ. ಅಷ್ಟರಲ್ಲಿ ಪಟ್ಟಿ ಮುಗಿಸ್ತೀನಿ.'

ಆದ್ದರಿಂದ ಬೇಡಿಕೆ ಇಷ್ಟೇ: ಆ ಎರಡನೆಯ ಸರಣಿಯನ್ನು ಹದಿನೈದು ದಿನ ತಡೆಹಿಡಿಯುವ ಒಂದು ಆದೇಶ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಅದು ಅಚ್ಚಾದ ದಿನ ನನ್ನ ಕೆಲಸ ಹೋಗುತ್ತದೆ, ಗೊತ್ತು. ಮದುಮಕ್ಕಳಿಗೆ ಮೇಕಪ್ ಮಾಡಿ ಬದುಕಿಕೊಳ್ಳುತ್ತೇನೆ, ಅವರು ಕಿರುಚುವುದು ಕಡಿಮೆ. ಆದರೆ ಸೋಮವಾರ ಹತ್ತಕ್ಕೆ ನನ್ನ ತಂಗಿ ಆ ಕೌಂಟರು ತೆರೆಯುತ್ತಾಳೆ. ತಮ್ಮ ಆದೇಶ ಬಂದರೂ ತೆರೆಯುತ್ತಾಳೆ, ಬಾರದಿದ್ದರೂ ತೆರೆಯುತ್ತಾಳೆ. ಅವಳು ಅಂಥವಳೆಂದೇ ನನಗೆ ಭಯ.

ಇಂತಿ,
ಹತ್ತು ದಿನ ಕಣ್ಣು ತೆರೆದಿಟ್ಟು ಕಿವಿ ಮುಚ್ಚಿಕೊಂಡಿದ್ದ,
ಆ ಗುಮಾಸ್ತೆಯ ಅಣ್ಣ