ಎಂಟನ್ನು ಒಳಗೆ ಕರೆದ ದಿನ

ಕಡೂರು
೧೫ ಜೂನ್ ೨೦೨೫

ಗೆಳತಿ ಬುಷ್ರಾ,

ಹೇಗಿದ್ದೀಯೆ? ಮಗಳು ಮದೀಹಾ ಎಸ್ಸೆಸ್ಸೆಲ್ಸಿ ಪಾಸಾದಳೆಂದು ನೀನು ಬರೆದು ತಿಂಗಳಾಯಿತು. ಉತ್ತರ ಬರೆಯಲು ನನಗೆ ಕೈ ಬರಲಿಲ್ಲ. ಬೈಯಬೇಡ, ಮೊದಲು ಇದನ್ನು ಓದು.

ಹೋದ ಭಾನುವಾರ ತರೀಕೆರೆಯ ನಮ್ಮ ಶಾಲೆಯಲ್ಲಿ ಗುರುವಂದನೆ ಇತ್ತು. ಗಣಿತದ ಈರಭದ್ರಪ್ಪ ಮೇಷ್ಟ್ರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ನಾನು ಕಾಲೇಜಿನಲ್ಲಿ ಗಣಿತ ಹೇಳುವವಳು ಎಂದು ನಮ್ಮ ಕ್ಲಾಸಿನ ಶಶಿ ನನ್ನನ್ನೂ ವೇದಿಕೆಗೆ ಹತ್ತಿಸಿದ. ಹತ್ತಬೇಕೆಂದೇ ಹೋಗಿದ್ದೆ ಕಣೇ.

ಮೇಷ್ಟ್ರು ತಮ್ಮ ಹಳೇ ಆಟ ಶುರು ಮಾಡಿದರು. ಬೋರ್ಡಿನ ಮೇಲೆ ೧೨೩೪೫೬೭೯ ಎಂದು ಬರೆದು ಒಂಬತ್ತರಿಂದ ಗುಣಿಸಿದರು. ೧೧೧೧೧೧೧೧೧. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಕೈ ಕಟ್ಟಿಕೊಂಡು ಕೂತೆ. ಎಂಟನೇ ಕ್ಲಾಸಿನಲ್ಲಿ ಇದೇ ಲೆಕ್ಕಕ್ಕೆ ನೀನೊಬ್ಬಳೇ ಎದ್ದು, "ಸಾರ್, ಎಂಟನ್ನ ಯಾಕೆ ಬಿಟ್ರಿ? ಸೇರ್ಸಿದ್ರೆ ಏನಾಗುತ್ತೆ?" ಎಂದು ಕೇಳಿದ್ದೆ. "ಪಾತ್ರೆಗೆ ಕಲಾಯಿ ಹಾಕೋ ಸಾಬಿ ಮಗಳಿಗೆ ಇದೆಲ್ಲಾ ಯಾಕೆ? ಎಂಟು ಹೊರಗಿದ್ರೇನೇ ಸಾಲು ಚೆಂದ. ನೀನೇ ಎಂಟು, ನಡಿ ಆಚೆ" ಎಂದು ಬಾಗಿಲಾಚೆ ನಿಲ್ಲಿಸಿದರು. ಅವತ್ತಿಂದ ದಿನವೂ ಹುಡುಗರು ನಿನ್ನನ್ನು ಎಂಟು ಎಂದೇ ಕೂಗಿದರು. ದಸರಾ ರಜೆ ಮುಗಿದ ಮೇಲೆ ನೀನು ಬರಲೇ ಇಲ್ಲ.

ನಾನು ಎದ್ದೆ. ಏಳರ ಪಕ್ಕದಲ್ಲಿ ಎಂಟನ್ನು ತುರುಕಿ ೧೨೩೪೫೬೭೮೯ ಮಾಡಿ, ಸೀಮೆಸುಣ್ಣ ಅವರ ಕೈಗೇ ಕೊಟ್ಟೆ. "ಎಂಟರಿಂದ್ಲೇ ಗುಣಿಸಿ ಸಾರ್. ಒಂಬತ್ತು ಕೂಡಿಸಿ."

ಮೇಷ್ಟ್ರು ಬಲಗಡೆಯಿಂದ ಶುರು ಮಾಡಿದರು. ಎಪ್ಪತ್ತೆರಡಕ್ಕೆ ಒಂಬತ್ತು ಸೇರಿ ಎಂಬತ್ತೊಂದು. ಒಂದು ಬರೆದು ಕೈಯಲ್ಲಿ ಎಂಟು. ಆಮೇಲೆ ಎರಡು ಬಂತು, ಮೂರು ಬಂತು, ನಾಲ್ಕು ಬಂತು. ಅರ್ಧಕ್ಕೇ ಅವರಿಗೆ ಗೊತ್ತಾಗಿ ಕೈ ನಿಂತಿತು. "ಮುಗಿಸಿ ಸಾರ್" ಎಂದೆ. ಮುಗಿಸಿದರು. ೯೮೭೬೫೪೩೨೧. ಸಾಲಿಗೆ ಸಾಲೇ ತಲೆಕೆಳಗು. ಕೊನೆಯಲ್ಲಿದ್ದದ್ದು ಮುಂದೆ, ಮುಂದಿದ್ದದ್ದು ಕೊನೆಗೆ.

ಮೈಕಿನಲ್ಲಿ ಹೇಳಿದೆ: "ಈ ಪ್ರಶ್ನೆ ಬುಷ್ರಾಳದು. ಮಹಬೂಬ್ ಸಾಬರ ಮಗಳು. ತಮಗೆ ಉತ್ತರ ಗೊತ್ತಿಲ್ಲದ್ದಕ್ಕೆ ಇವರು ಅವಳನ್ನು ಹೊರಗೆ ಹಾಕಿದರು."

ಶಶಿ ಸೆರಗು ಎಳೆದ. "ಲೇ ಕೋಮಲಾ, ಪಾಯಸ ಆರೋಗ್ತದೆ, ಬಿಡೇ."

"ನೀನೂ ಎಂಟು ಅಂತ ಕೂಗ್ದೋನೇ ಕಣೋ. ಕುಡಿ ಹೋಗು" ಎಂದೆ.

ಮೇಷ್ಟ್ರು ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡರು. "ವಯಸ್ಸಾದೋನು ನಾನು. ಇಷ್ಟು ದ್ವೇಷ ಇಟ್ಕೋಬಾರ್ದಮ್ಮಾ."

"ಇಟ್ಕೊಂಡಿದೀನಿ ಸಾರ್. ಬಿಡಲ್ಲ."

ಊಟ ಮಾಡದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹಾಯೆನಿಸಿತು. ಸುಳ್ಳು ಯಾಕೆ ಹೇಳಲಿ?

ಮಹಬೂಬ್ ಚಾಚಾಗೆ ನನ್ನ ಸಲಾಂ ತಿಳಿಸು. ನಿನ್ನ ಮನೆ ತಣ್ಣಗಿರಲಿ. ಮದೀಹಾಳ ಕೆನ್ನೆಗೊಂದು ಮುತ್ತು.

ನಿನ್ನ
ಕೋಮಲಾ

ಮರೆತಿಲ್ಲ: "ಲೆಕ್ಕದಲ್ಲಿ ತೊಂಬತ್ತಾರು ತೆಗ್ದವ್ಳೆ, ಆದ್ರೆ ನಮ್ಮಂಥೋರ ಮನೇಲಿ ಲೆಕ್ಕ ಕಲ್ತು ಏನ್ ಮಾಡಾಳು, ಟೈಲರಿಂಗ್ ಸಾಕು" ಎಂದು ಬರೆದಿದ್ದೀಯ. ಉತ್ತರ ತಡವಾದದ್ದು ಅದಕ್ಕೇ. ಆ ಮುದುಕನನ್ನು ಊರ ಮುಂದೆ ನಿಲ್ಲಿಸಿ ಕೇಳಿದೆ. ನಿನ್ನನ್ನು ಎಲ್ಲಿ ನಿಲ್ಲಿಸಿ ಕೇಳಲಿ, ಹೇಳು? ಗುರುವಾರ ಮೊದಲ ಬಸ್ಸಿಗೆ ಅಜ್ಜಂಪುರದ ನಿನ್ನ ಮನೆಗೇ ಬತ್ತೀನಿ. ಬಾಗಿಲು ಹಾಕ್ಕೊಂಡ್ರೆ ಹೊಸ್ತಿಲ ಮೇಲೆ ಕೂರ್ತೀನಿ. ಮದೀಹಾಳನ್ನ ಕಾಲೇಜಿಗೆ ಸೇರಿಸೋವರೆಗೂ ಏಳಲ್ಲ.