ಅತ್ತೆಯ ಹಾಜರಿ

ಮಾರ್ಚ್ 3, ರಾತ್ರಿ

ಬೆಳಿಗ್ಗೆ 7.10ಕ್ಕೆ ಫೋನ್ ಕಿರುಚಿತು. ಅತ್ತೆಯ ಹಾಜರಿ. ಕೊರಳಿನ ಬಟನ್ ಒತ್ತಿದರೆ ಮನೆಯ ವೈಫೈ ಮೂಲಕ ನನ್ನ ಫೋನಿಗೆ ಅಲಾರಂ — ಬಿದ್ದರೆ ಒತ್ತಲಿ ಅಂತ ನಾನೇ ತಂದು ಹಾಕಿದ್ದು. ಅತ್ತೆ ದಿನಾ ಎದ್ದ ಕೂಡಲೇ ಒಮ್ಮೆ ಒತ್ತುತ್ತಾರೆ. "ಕೊರಳಿಗೆ ಗಂಟೆ ಕಟ್ಟಿದ ಮೇಲೆ ಅಲ್ಲಾಡಿಸಬೇಡ್ವೇನೇ? ಬದುಕಿದೀನಿ ಅಂತ ತಿಳ್ಕೋ." ಬೈದೆ. ನಕ್ಕರು.

ಆಸ್ಪತ್ರೆಯ ವೈಫೈ ರಿಪೋರ್ಟ್ ಈ ತಿಂಗಳೊಳಗೆ ಮುಗಿಯಬೇಕು. ಇವತ್ತು ಆರು ಪುಟ ಆಯಿತು. ವೈಫೈಗೆ ಎರಡು ದಾರಿ. 5 ಗಿಗಾಹರ್ಟ್ಸ್ — ವೇಗ, ಗದ್ದಲ ಕಡಿಮೆ. ಎರಡು ಗೋಡೆ ಅಡ್ಡ ಬಂದರೆ ಸುಸ್ತು. 2.4 — ನಿಧಾನ, ಅಕ್ಕಪಕ್ಕದವರೆಲ್ಲ ಅದರಲ್ಲೇ, ಸಂತೆ. ಆದರೆ ಗೋಡೆ ದಾಟುತ್ತೆ.

ಮಾರ್ಚ್ 4, ಸಂಜೆ

ಮೀಟಿಂಗಿನಲ್ಲಿ ಮೂರು ಸಲ ಕಟ್ ಆದೆ. ಮ್ಯಾನೇಜರ್ ಎಲ್ಲರೆದುರು, "ನೆಟ್‌ವರ್ಕ್ ಎಂಜಿನಿಯರ್ ಮನೇಲೇ ನೆಟ್‌ವರ್ಕ್ ಇಲ್ವಾ?" ದೀಪದ ಬುಡದಲ್ಲೇ ಕತ್ತಲು. ನಾಚಿಕೆಯಾಯಿತು. ಲ್ಯಾಪ್‌ಟಾಪ್ ಪದೇ ಪದೇ 2.4ಕ್ಕೆ ಜಾರುತ್ತಿತ್ತು. ರೂಟರಿನಲ್ಲಿ 2.4 ಆಫ್ ಮಾಡಿಬಿಟ್ಟೆ. ಈಗ ಬರೀ 5. ಪೀಡೆ ತೊಲಗಿತು.

ಮಾರ್ಚ್ 5, ಬೆಳಿಗ್ಗೆ 9.40

ಇವತ್ತು ಹಾಜರಿ ಇಲ್ಲ. ತಿಂಡಿ ತಿನ್ನುವಾಗ ಕೇಳಿದೆ. "ಒತ್ತಿದ್ನಲ್ಲೇ" ಅಂದರು. ಸರಿಯಾಗಿ ಒತ್ತಿಲ್ಲ ಅಂದೆ. "ನೀನು ಓದಿದವಳು, ಇರಬಹುದು" ಅಂದರು.

ಗಂಡ ಕೆಲಸಕ್ಕೆ ಹೋದರು. ಹತ್ತಕ್ಕೆ ಮೀಟಿಂಗ್. ಹೆಡ್‌ಫೋನ್ ಹುಡುಕಬೇಕು.

ಮಾರ್ಚ್ 19

ಹದಿನಾಲ್ಕು ದಿನ. ತಿನ್ನುತ್ತೇನೆ. ಪಾತ್ರೆ ತೊಳೆಯುತ್ತೇನೆ. ಅಳು ಬರುತ್ತಿಲ್ಲ.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಮೀಟಿಂಗ್ ಮುಗಿಸಿ ಹೋದಾಗ ಉಸಿರಿರಲಿಲ್ಲ. ಮೀಟಿಂಗ್ ಒಮ್ಮೆಯೂ ಕಟ್ ಆಗಿರಲಿಲ್ಲ.

ಆ ಬಟನ್ನಿಗೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ನನ್ನ ಅನ್ನವೇ ಅದು.

ಅವತ್ತು ಸಂಜೆ ನೆಂಟರು ಹಾಲಿನಲ್ಲಿದ್ದಾಗ 2.4 ವಾಪಸ್ ಆನ್ ಮಾಡಿದೆ. ಬಟನ್ ತನ್ನಲ್ಲೇ ಇಟ್ಟುಕೊಂಡಿದ್ದನ್ನೆಲ್ಲ ಫೋನಿಗೆ ಕಳಿಸಿತು. ಮೊದಲನೆಯದು 7.05, ಹಾಜರಿ. ಆಮೇಲೆ 10.21. 10.22. 10.22… ಒಟ್ಟು ಹದಿನೇಳು. ಕೊನೆಯದು 10.48. ಫೋನ್ ಸೈಲೆಂಟ್ ಮಾಡಿ ಎಲ್ಲರಿಗೂ ಟೀ ಕೊಟ್ಟೆ.

ಮಾರ್ಚ್ 23

ರಿಪೋರ್ಟ್ ಕೊಟ್ಟೆ. "ಅಚ್ಚುಕಟ್ಟಾಗಿದೆ" ಅಂದರು ಮ್ಯಾನೇಜರ್. ಆರನೇ ಪುಟದ ಸಾಲು: ರೋಗಿಯ ಕರೆಗಂಟೆ ಇರುವಲ್ಲಿ 2.4 ಅನ್ನು ಯಾವ ಕಾರಣಕ್ಕೂ ಆಫ್ ಮಾಡಬಾರದು. ಬರೆದವಳು ನಾನು. ಮಾರ್ಚ್ 3ರಂದು.

ಮಾರ್ಚ್ 29, ಭಾನುವಾರ, 11.15

ನಾದಿನಿ ಬಂದಿದ್ದಾಳೆ. ಅಡುಗೆಮನೆಗೆ ಕೇಳುವ ಹಾಗೆ ಗಂಡ ಅವಳಿಗೆ ಹೇಳುತ್ತಿದ್ದರು — "ಬೇಡದಾಗ ದಿನಾ ಒತ್ತೋಳು. ಬೇಕಾದಾಗ ಮರೆತ್ಲು ನೋಡು ಅಮ್ಮ." ಅತ್ತರು.

ಈ ಮಾತು ಇದಕ್ಕೆ ಮುಂಚೆಯೂ ಎರಡು ಸಲ ಆಡಿದ್ದಾರೆ. ಸುಮ್ಮನಿದ್ದೆ. ಸತ್ತವರ ಮೇಲೆ ನನ್ನ ತಪ್ಪು ಹೊರಿಸಿ ಹಾಯಾಗಿದ್ದೆ. ಇವತ್ತು ಹೋಗಿ ನಿಂತೆ.

"ಮರೀಲಿಲ್ಲ ರೀ. ಒತ್ತಿದ್ರು."

"ನಿನಗೆ ಹೇಗೆ ಗೊತ್ತು?"

ಒಂದು ನಿಮಿಷ ಅಂತ ರೂಮಿಗೆ ಬಂದೆ. ಬರೆಯುವುದು ಮಾತ್ರ ಬರುತ್ತಿದೆ. ಮಾರ್ಚ್ 4ರ ಪುಟ ಮಡಚಿಟ್ಟೆ. ಗಂಡ ಬಾಗಿಲಿಗೆ ಬಂದರು. ಏನು ಬರೀತಿದ್ದೀಯ ಅಂತ ಕೇಳುತ್ತಿದ್ದಾರೆ. ಕೊಡುತ್ತೇನೆ. ಇದೇ ಪುಸ್ತಕ. ತಗೊಳ್ಳಿ, ಮಡಚಿದ ಪುಟದಿಂದ —