ವಿಳಾಸ ಹುಡುಕಿದರೆ ಖಾರದ ಗಿರಣಿ

ಹಾಸ್ಟೆಲ್, ಹೊಸಪೇಟೆ
ಶನಿವಾರ, 13 ಸೆಪ್ಟೆಂಬರ್ 2025

ಪ್ರೀತಿಯ ಶಾಂತಕ್ಕಾ,

ನಿನ್ನ ಮೆಸೇಜಿಗೆ ನಾಲ್ಕು ದಿನ ಉತ್ತರ ಕೊಡಲಿಲ್ಲ, ಬೈದುಕೋ. ಇಂಟರ್ನಲ್ಸ್ ಇತ್ತು ಎನ್ನುವುದು ಅರ್ಧ ನಿಜ. ಫೋನಿನಲ್ಲಿ ಹೇಳಹೋದರೆ ಬಾಯಿ ಬರುವುದಿಲ್ಲ. ಅದಕ್ಕೇ ನಮ್ಮೂರು ಬಂಡ್ರಿಗೆ ಹೊರಟಿರುವ ಭರಮಣ್ಣ ಮಾಮನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಅವ್ವನ ಮೊಣಕಾಲು ಹೇಗಿದೆ?

ಸೋಮವಾರ ತಂಗಿ ಲಕ್ಷ್ಮೀಯನ್ನು ಸಂಡೂರಿನ ಆನ್‌ಲೈನ್ ಸೆಂಟರ್‌ಗೆ ಕರೆದೊಯ್ದು ‘ಗಣಿ ಕಾರ್ಮಿಕರ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್’ ಫಾರ್ಮ್ ತುಂಬಿಸುತ್ತೇನೆ ಎಂದಿದ್ದೆಯಲ್ಲ, ದಯವಿಟ್ಟು ಬೇಡ. ಅವಳ ಆಧಾರ್, ಫೋಟೊ, ಅಪ್ಪನ ಗಣಿ ಕಾರ್ಡ್, ಏನನ್ನೂ ಕೊಡಬೇಡ.

“ಸೈಟಿನ ಮ್ಯಾಲೆ ಬೀಗದ ಗುರ್ತು ಐತಿ, ಬೀಗ ಇದ್ರ ಸೇಫ್ ಅಂತ ನೀನಾ ಹೇಳಿದ್ದೆಲ್ಲ” ಎಂದು ಕೇಳಿದ್ದೀಯ. ಹೌದು, ತಪ್ಪು ಹೇಳಿದ್ದೆ. ಬೀಗವಿದ್ದರೆ ನಾವು ಕಳಿಸಿದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು, ಅಷ್ಟೇ. ಅದನ್ನು ಪಡೆಯುವವನೇ ಕಳ್ಳನಾದರೆ? ಲ್ಯಾಬಿನ ಶಂಭುಲಿಂಗ ಸರ್ ಆ ಸೈಟ್ ಯಾವಾಗ ಹುಟ್ಟಿತೆಂದು ತೆಗೆದು ತೋರಿಸಿದರು. “ಹದಿನೈದು ವರ್ಷದ ಸೇವೆ ಅಂತ ಬರ್ಕೊಂಡಾರ. ಇನ್ನೂ ಮೂರು ತಿಂಗ್ಳು ತುಂಬಿಲ್ಲ, ಹಲ್ಲೇ ಬಂದಿಲ್ದ ಕೂಸು!” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅಲ್ಲಿರುವ ನಂಬರನ್ನು ಯಾರೂ ಎತ್ತುವುದಿಲ್ಲ. ಆಫೀಸಿನ ವಿಳಾಸ ಹೊಸಪೇಟೆಯದೇ, ಹುಡುಕಿಕೊಂಡು ಹೋದೆ. ಖಾರ ಬೀಸುವ ಗಿರಣಿ! ಸೀನುತ್ತಲೇ ವಿಚಾರಿಸಿದೆ. ಗಿರಣಿಯ ಕೊಟ್ರಮ್ಮ, “ಲ್ಯಾಪ್‌ಟಾಪ್ ಕೇಳ್ಕೊಂಡು ಬಂದಾಕಿ ನೀ ಏಳ್ನೇದಾಕಿ. ಮೆಣಸಿನಕಾಯಿ ತಂದಿದ್ರ ಕೊಡವ್ವ, ಜಲ್ದಿ ಬೀಸಿಕೊಡ್ತೀನಿ” ಅಂದರು.

ಈಗ ಕಾಲೇಜಿನ ರಿಸಲ್ಟ್ ಪೇಜ್ ತೆರೆಯುವಾಗಲೂ ಅನುಮಾನ. ನಿಜವಾದ ಸ್ಕೀಮ್ ಆದರೆ ಲಕ್ಷ್ಮೀಯ ಕಾಲೇಜಿನಲ್ಲಿ ಗೊತ್ತಿರುತ್ತದೆ, ಅಲ್ಲಿ ಕೇಳು. ವಾಟ್ಸಾಪಿನ ಲಿಂಕ್ ಒತ್ತಬೇಡ. ಓಟಿಪಿಯನ್ನು ಯಾರು ಕೇಳಿದರೂ ಹೇಳಬೇಡ.

ಲಕ್ಷ್ಮೀ ಮುನಿಸಿಕೊಂಡರೆ ಬೈಗುಳವೆಲ್ಲ ನನಗಿರಲಿ. ಅವ್ವನಿಗೆ ನಮಸ್ಕಾರ. ಉಚ್ಚೆಂಗೆಮ್ಮ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಪಂಪಾವತಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಜುಲೈನಲ್ಲಿ ಆ ಫಾರ್ಮನ್ನು ನಾನೂ ತುಂಬಿದ್ದೆ. ಏನೂ ಬರಲಿಲ್ಲ. ನೀನು ಫಾರ್ಮಿನ ಪುಟ ಮಾತ್ರ ನೋಡಿರುತ್ತೀಯ. ಸೈಟಿನ ಮೊದಲ ಪುಟದಲ್ಲಿ ‘ಲ್ಯಾಪ್‌ಟಾಪ್ ಪಡೆದ ವಿದ್ಯಾರ್ಥಿನಿ’ ಎಂದು ನನ್ನ ಫೋಟೊ ಹಾಕಿದ್ದಾರೆ. ನಮ್ಮ ಓಣಿಯ ಶೈಲಜಾ ಮತ್ತು ಮುದುಕಮ್ಮನ ಮೊಮ್ಮಗಳು ಅದನ್ನು ನೋಡಿ ಫೋನ್ ಮಾಡಿದ್ದರು: “ಖರೇನಾ ಬಂತೇನ ಪಂಪಿ? ನಾವೂ ತುಂಬ್ಲೇನು?” ಮೋಸಹೋದೆ ಎನ್ನಲು ನಾಚಿಕೆಯಾಗಿ, “ಹೂಂ, ಬಂತು, ತುಂಬ್ರಿ” ಅಂದುಬಿಟ್ಟೆ ಅಕ್ಕಾ. ಇವತ್ತೇ ಅವರ ಮನೆಗಳಿಗೆ ಹೋಗು. ಪಂಪಿ ಸುಳ್ಳು ಹೇಳಿದಳು ಅನ್ನು.